ಐದು ರೂಪಾಯಿ ಮಾಸ್ಕು, ಹದಿನಾಲ್ಕು ರೂಪಾಯಿ ಖರೀದಿ

2020ರ ಮಾರ್ಚ್ 21, ಶನಿವಾರ. ದಾವಣಗೆರೆ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ನನ್ನ ಭಾವನ ಮೆಡಿಕಲ್ ಶಾಪ್ ಇದೆ. ಅವತ್ತು ಅಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ಬಾಕ್ಸ್ ಮಾಸ್ಕ್ ಇತ್ತು. ಬಾಕ್ಸಿಗೆ ಐವತ್ತು, ಒಟ್ಟು ಸಾವಿರ. ಮೂರು ದಿನದ ಹಿಂದೆ ಒಂದೊಂದಕ್ಕೆ 14 ರೂಪಾಯಿ ಕೊಟ್ಟು ತಂದಿದ್ದು. ಕೇಂದ್ರ ಸರ್ಕಾರದ ಆದೇಶ ಬಂದಿದ್ದೂ ಅವತ್ತೇ. ಮೂರು ಪದರದ ಮಾಸ್ಕನ್ನು 10 ರೂಪಾಯಿಗಿಂತ ಜಾಸ್ತಿಗೆ ಮಾರುವಂತಿಲ್ಲ.

ಆ ಸಾವಿರ ಮಾಸ್ಕನ್ನು ಏನು ಮಾಡಬೇಕು? ಆ ರಾತ್ರಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಎದ್ದ ಪ್ರಶ್ನೆ ಅದು. ನಾನು ಅಲ್ಲೇ ಇದ್ದೆ. ಬೆಂಗಳೂರಿನ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದರಿಂದ 14ರಂದು ಅಲ್ಲಿಗೆ ಹೋಗಿದ್ದೆ. ಬೆಳಿಗ್ಗೆ ಲ್ಯಾಪ್‌ಟಾಪ್, ಸಂಜೆ ಅಂಗಡಿಯ ಕೌಂಟರ್. ಆ ಒಂದು ವಾರದಲ್ಲಿ ಕಂಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಆಪತ್ತಿನ ಹೊತ್ತಿನಲ್ಲಿ ರೇಟು ಏರಿಸಿದವರನ್ನು ಬೈಯುವುದು ಸುಲಭ. ಆದರೆ ಯಾರನ್ನು ಬೈಯುತ್ತಿದ್ದೇವೆ ಅನ್ನೋದನ್ನು ಸರಿಯಾಗಿ ನೋಡಬೇಕು ಅಂತ ನನಗೆ ಅನ್ನಿಸಿದ್ದು ಅಲ್ಲಿಯೇ.

ಮೊದಲು ಹಳೇ ಸ್ಟಾಕಿನ ಕಥೆ ಹೇಳಬೇಕು. ಜನವರಿಯಲ್ಲಿ ಭಾವ ತಂದಿದ್ದ ಮಾಸ್ಕ್ ಬಾಕ್ಸಿಗೆ 80 ರೂಪಾಯಿ. ಅಂದರೆ ಒಂದಕ್ಕೆ 1 ರೂಪಾಯಿ 60 ಪೈಸೆ. ಬಿಡಿಯಾಗಿ ಐದು ರೂಪಾಯಿಗೆ ಮಾರುತ್ತಿದ್ದರು. ಯಾರೂ ಚೌಕಾಸಿ ಮಾಡುತ್ತಿರಲಿಲ್ಲ, ಯಾಕೆಂದರೆ ಕೊಳ್ಳುವವರೇ ಇರಲಿಲ್ಲ. ಆಸ್ಪತ್ರೆಗೆ ಹೋಗುವವರು, ಬಣ್ಣ ಹೊಡೆಯುವವರು, ಅಷ್ಟೆ. ಜನವರಿ 30ಕ್ಕೆ ಕೇರಳದಲ್ಲಿ ದೇಶದ ಮೊದಲ ಕೊರೊನಾ ಪ್ರಕರಣ ಗೊತ್ತಾಯಿತು. ಮರುದಿನವೇ ಕೇಂದ್ರ ಇಂಥ ರಕ್ಷಣಾ ಸಾಮಗ್ರಿಗಳ ರಫ್ತು ನಿಲ್ಲಿಸಿತು. ಫೆಬ್ರವರಿ 8ಕ್ಕೆ ಸರ್ಜಿಕಲ್ ಮಾಸ್ಕಿನ ಮಟ್ಟಿಗೆ ಆ ನಿಷೇಧ ಸಡಿಲವಾಯಿತು. ಮತ್ತೆ ಬಿಗಿಯಾಗಿದ್ದು ಮಾರ್ಚ್ 19ಕ್ಕೆ. ನಡುವೆ ನಲವತ್ತು ದಿನ. ಇಡೀ ಜಗತ್ತು ಮಾಸ್ಕ್ ಹುಡುಕುತ್ತಿದ್ದ ಹೊತ್ತಿನಲ್ಲಿ ನಮ್ಮ ಬಾಗಿಲು ತೆರೆದಿತ್ತು. ಬೆಲೆ ಏರಿದ್ದರ ಲೆಕ್ಕ ಕೇಳುವಾಗ ಆ ನಲವತ್ತು ದಿನವನ್ನೂ ಸೇರಿಸಿಕೊಳ್ಳಬೇಕು. ಆದರೆ ಕೌಂಟರಿನ ಮುಂದೆ ನಿಂತವರಿಗೆ ಅದು ಕಾಣುವುದಿಲ್ಲ.

ಮಾರ್ಚ್ 12ರಂದು ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಿ ಆಗಿದೆ ಅನ್ನೋದು ಖಚಿತವಾಯಿತು. ನಮ್ಮದೇ ರಾಜ್ಯ. ಮಾರನೇ ದಿನ ಬೆಳಿಗ್ಗೆ ಅಂಗಡಿ ಶಟರ್ ಎತ್ತುವ ಮೊದಲೇ ಹದಿನೈದು ಜನ ನಿಂತಿದ್ದರಂತೆ. ಭಾವನ ಹತ್ತಿರ ಉಳಿದಿದ್ದಿದ್ದು ಎಂಟು ಬಾಕ್ಸ್. ಒಂದನ್ನು ತೆಗೆದು ಫ್ರಿಜ್ ಮೇಲೆ ಇಟ್ಟರು. ಡಯಾಲಿಸಿಸ್, ಟಿಬಿ, ಕ್ಯಾನ್ಸರ್ ಚಿಕಿತ್ಸೆಯವರಿಗೆ ಅಂತ. ಉಳಿದಿದ್ದು 350 ಮಾಸ್ಕ್. ಒಂದು ಖಾಲಿ ಡಬ್ಬಿಯ ಮುಚ್ಚಳ ಹರಿದು, ಅದರ ಬಿಳಿ ಕಡೆಗೆ ಮಾರ್ಕರಿನಲ್ಲಿ ‘ಒಬ್ಬರಿಗೆ ಎರಡೇ. 5 ರೂ.’ ಅಂತ ಬರೆದು ಗಲ್ಲಾ ಪೆಟ್ಟಿಗೆಗೆ ಅಂಟಿಸಿದರು. ಎದುರಿನ ಸಾಲಿನ ಅಂಗಡಿಯಲ್ಲಿ ಅವತ್ತು ಅದೇ ಮಾಸ್ಕ್ 25 ರೂಪಾಯಿ.

ನಾನು ಹೋದ ದಿನ ಸಂಜೆ ಇದನ್ನೇ ಕೇಳಿದೆ. “ಭಾವ, ಹತ್ತಾದ್ರೂ ಮಾಡಬಹುದಿತ್ತಲ್ವಾ? ಜನ ಕೊಡ್ತಿದ್ದಾರೆ.”

“ಒಂದೂ ಅರವತ್ತಕ್ಕೆ ತಂದಿದ್ದು ಕಣೋ. ಐದಕ್ಕೆ ಮಾರಿದ್ರೇ ಮೂರು ಪಟ್ಟು. ಇನ್ನೆಷ್ಟು ಬೇಕು?”

“ನಾಳೆ ತರೋ ಸ್ಟಾಕು ದುಬಾರಿ ಆದ್ರೆ?”

“ನಾಳೆ ತಂದಾಗ ನಾಳೆ ರೇಟು.”

ನನಗೆ ಅದು ವ್ಯಾಪಾರದ ಬುದ್ಧಿ ಅನ್ನಿಸಲಿಲ್ಲ. ಲೆಕ್ಕ ಹಾಕಿ ತೋರಿಸಿದೆ. 350 ಮಾಸ್ಕ್ ಮಾರಿದರೆ ಬರುವುದು 1,750 ರೂಪಾಯಿ. ಹೊಸ ಸ್ಟಾಕ್ 14 ರೂಪಾಯಿ ಆದರೆ ಆ ದುಡ್ಡಿಗೆ ಬರೋದು 125 ಮಾಸ್ಕ್. ಸರಕು ಖರ್ಚಾದಷ್ಟೂ ಅಂಗಡಿ ಬಡವಾಗುತ್ತದೆ. ಅರ್ಥಶಾಸ್ತ್ರ ಓದಿದವರು ಹೇಳುವುದು ಇದನ್ನೇ. ಸರಕಿನ ಬೆಲೆ ಅಂದರೆ ನೀನು ಕೊಟ್ಟ ದುಡ್ಡಲ್ಲ, ಅದನ್ನು ಮತ್ತೆ ತುಂಬಿಸಲು ಬೇಕಾದ ದುಡ್ಡು.

ವಾದ ಸುಳ್ಳಲ್ಲ. ಮಾಸ್ಕ್ ಒಂದನ್ನೇ ಗಾಡಿಯಲ್ಲಿಟ್ಟು ಮಾರುವವನಾಗಿದ್ದರೆ ನಾನು ಇವತ್ತೂ ಅದನ್ನು ಒಪ್ಪುತ್ತಿದ್ದೆ. ಅವನ ಬಂಡವಾಳವೇ ಅಷ್ಟು. ಆದರೆ ಭಾವನದು ಬಿಪಿ, ಶುಗರ್ ಮಾತ್ರೆ ಮಾರಿ ನಡೆಯುವ ಅಂಗಡಿ. ಮಾಸ್ಕಿನ ಗಂಟಿನಿಂದಲೇ ಮಾಸ್ಕ್ ತರಬೇಕು ಅನ್ನೋ ಕಷ್ಟ ಅವರಿಗಿರಲಿಲ್ಲ. ಅಂಥವರು ಹಳೇ ಸ್ಟಾಕಿನ ಮೇಲೆ ರೇಟು ಏರಿಸಿದರೆ ಬರುವ ದುಡ್ಡಿಗೆ ಅವರು ಏನೂ ಮಾಡಿರುವುದಿಲ್ಲ. ಹೊಸದಾಗಿ ದುಡ್ಡು ಹಾಕಿಲ್ಲ, ಓಡಾಡಿಲ್ಲ, ರಿಸ್ಕ್ ತಗೊಂಡಿಲ್ಲ. ಬೇರೆಯವರ ಭಯ ಒಂದೇ ಅದರ ಮೂಲ.

ಜನ ಇದನ್ನು ಚೆನ್ನಾಗಿ ಬಲ್ಲರು. ಡೇನಿಯಲ್ ಕಾನೆಮನ್, ಜ್ಯಾಕ್ ಕ್ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು ಕೆನಡಾದಲ್ಲಿ ಜನರಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗಳನ್ನು 1986ರಲ್ಲಿ ಪ್ರಕಟಿಸಿದರು. ಅದರಲ್ಲೊಂದು ಹೀಗಿತ್ತು. ಅಂಗಡಿಯವನು ಹಿಮ ತೆಗೆಯುವ ಸಲಿಕೆಯನ್ನು 15 ಡಾಲರಿಗೆ ಮಾರುತ್ತಿದ್ದಾನೆ. ದೊಡ್ಡ ಹಿಮಗಾಳಿ ಬೀಸಿದ ಮರುದಿನ ಬೆಳಿಗ್ಗೆ 20 ಡಾಲರ್ ಮಾಡುತ್ತಾನೆ. ಸರಿಯೋ ತಪ್ಪೋ? ನೂರಕ್ಕೆ 82 ಜನ ಅನ್ಯಾಯ ಅಂದರು. ಆದರೆ ಹೋಲ್‌ಸೇಲಿನಲ್ಲೇ ರೇಟು ಏರಿದ ಸೊಪ್ಪನ್ನು ಅಷ್ಟೇ ಏರಿಸಿ ಮಾರುವವನನ್ನು ಹೆಚ್ಚಿನವರು ತಪ್ಪು ಅನ್ನಲಿಲ್ಲ. ನಮ್ಮೂರಿನ ಜನರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೆ ಬೆಲೆ ಕಡಿಮೆ ಇಟ್ಟರೆ ಸಾಕೇ? ಸಾಲದು. ಅದನ್ನೂ ಆ ಕೌಂಟರಿನಲ್ಲೇ ನೋಡಿದೆ. ಒಬ್ಬರು ಕಾರು ನಿಲ್ಲಿಸಿ ಬಂದು ನಾಲ್ಕು ಬಾಕ್ಸ್ ಕೇಳಿದರು. “ಮನೇಲಿ ಜನ ಜಾಸ್ತಿ. ರೇಟು ಎಷ್ಟಾದ್ರೂ ಹಾಕಿ.” ಭಾವ ‘ಎರಡೇ’ ಅಂತ ಬರೆದ ಕಾರ್ಡು ತೋರಿಸಿದರು. ಆ ಮನುಷ್ಯ 25 ಆಗಿದ್ದರೂ ನಾಲ್ಕು ಬಾಕ್ಸ್ ತಗೊಂಡು ಹೋಗುತ್ತಿದ್ದರು. ಐದು ಸಾವಿರ ಅವರಿಗೆ ದೊಡ್ಡದಲ್ಲ. ರೇಟು ಏರಿಸಿದರೆ ಜನ ಬೇಕಾದಷ್ಟೇ ಕೊಳ್ಳುತ್ತಾರೆ, ಉಳಿದಿದ್ದು ಬೇರೆಯವರಿಗೆ ಸಿಗುತ್ತದೆ ಅನ್ನುತ್ತಾರಲ್ಲ, ಅಲ್ಲಿ ರೇಟು ಏರಿದ್ದರೆ ಕೊಳ್ಳದೆ ಹಿಂದೆ ಸರಿಯುತ್ತಿದ್ದುದು ಕೂಲಿಯವರು ಮಾತ್ರ. ದಿನಕ್ಕೆ ಮುನ್ನೂರು ದುಡಿಯುವವರ ಮನೆಯಲ್ಲಿ ಐದು ಜನ ಇದ್ದರೆ, ತಲೆಗೆ ಒಂದೊಂದು ಮಾಸ್ಕ್ ತಗೊಂಡರೂ 125 ರೂಪಾಯಿ. ಕಾರಿನವರನ್ನು ತಡೆದಿದ್ದು ‘ಎರಡೇ’ ಅನ್ನೋ ಮಾತು.

ಆ ಮಾತಿಗೂ ತೂತು ಇತ್ತು. ಒಬ್ಬ ಹುಡುಗ ಒಂದೇ ಸಂಜೆ ಮೂರು ಸಲ ಬಂದ. ಮೂರನೇ ಸಲ ಟೋಪಿ ಹಾಕಿಕೊಂಡು ಬಂದ. ಭಾವ ಗುರುತು ಹಿಡಿದರೂ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಅವನು ಮಾರುತ್ತಿದ್ದನೋ, ಮನೆಯಲ್ಲಿ ಆರು ಜನ ಇದ್ದರೋ, ಯಾರಿಗೆ ಗೊತ್ತು. ಎರಡು ದಿನದಲ್ಲಿ ಏಳೂ ಬಾಕ್ಸ್ ಮುಗಿಯಿತು.

ಭಾವನ ತಪ್ಪನ್ನೂ ಹೇಳಬೇಕು. ಸ್ಯಾನಿಟೈಸರ್ ಮೇಲೆ ಅವರು ಮೊದಲು ಎಂಆರ್‌ಪಿಯಿಂದ ನೂರಕ್ಕೆ ಹತ್ತು ಬಿಟ್ಟು ಕೊಡುತ್ತಿದ್ದರು. ಆ ವಾರ ಸದ್ದಿಲ್ಲದೆ ನಿಲ್ಲಿಸಿದರು. ಡಬ್ಬಿ ಮೇಲೆ ಬರೆದಷ್ಟೇ ತಗೊಂಡರು. ಕಾನೂನಿನ ಪ್ರಕಾರ ಸರಿ. ಯಾರೂ ಜಗಳ ತೆಗೆಯಲಿಲ್ಲ. ರಿಯಾಯಿತಿ ತೆಗೆದರೆ ಜನ ಅದನ್ನು ಬೆಲೆ ಏರಿಕೆ ಅಂತ ನೋಡುವುದು ಕಡಿಮೆ. ಆದರೆ ಅದೂ ಹಳೇ ಸ್ಟಾಕೇ. ಮಾಸ್ಕಿಗೆ ಒಂದು ನ್ಯಾಯ, ಸ್ಯಾನಿಟೈಸರಿಗೆ ಇನ್ನೊಂದು ಆಯಿತು. ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು” ಅಂದರು. ಮಾರನೇ ದಿನದಿಂದ ಮತ್ತೆ ಹತ್ತು ಬಿಡತೊಡಗಿದರು.

ಈಗ ಎರಡನೇ ಸ್ಟಾಕು. 18ನೇ ತಾರೀಖು ದಾವಣಗೆರೆಯ ಹೋಲ್‌ಸೇಲಿನವರಿಗೆ ಫೋನ್ ಮಾಡಿದಾಗ ರೇಟು 14 ಅಂದರು. ನಗದು. ಬಿಲ್ ಇಲ್ಲ. ಬಿಲ್ ಬೇಕೆಂದರೆ ಮಾಲೇ ಇಲ್ಲ. “ನಮಗೇ ಹನ್ನೆರಡಕ್ಕೆ ಬಂದಿದೆ” ಅಂದರು. ನಿಜ ಇರಬಹುದು. ಮೂರು ಪದರದ ಮಾಸ್ಕಿನಲ್ಲಿ ನಡುವಿನ ಪದರವೇ ಮುಖ್ಯ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿ ಗಾಳಿಯಲ್ಲಿ ಊದಿ, ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳನ್ನು ಹರಡಿ ಅದನ್ನು ಮಾಡುತ್ತಾರೆ. ಮೆಲ್ಟ್‌ಬ್ಲೋನ್ ಅಂತ ಹೆಸರು. ಅದನ್ನು ಮಾಡುವ ಯಂತ್ರಗಳು ದೇಶದಲ್ಲಿ ಕಡಿಮೆ ಇದ್ದವು. ರೇಟು ಅಲ್ಲೇ ಗಗನಕ್ಕೆ ಹೋಗಿತ್ತು. ಅಲ್ಲಿಂದ ದಾವಣಗೆರೆಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿತು, ಯಾವ ಕೈ ಎಷ್ಟು ಸೇರಿಸಿತು, ಬಿಲ್ ಇಲ್ಲದ ಮೇಲೆ ಹೇಳುವವರು ಯಾರು?

ಬಿಲ್ ಇಲ್ಲದ ಮಾಲು ತಂದಿದ್ದು ಭಾವನ ಎರಡನೇ ತಪ್ಪು ಅನ್ನಬಹುದು. ನಾನು ಅಷ್ಟು ಗಟ್ಟಿಯಾಗಿ ಹೇಳಲಾರೆ. ತರದಿದ್ದರೆ ಊರಿಗೆ ಮಾಸ್ಕೇ ಇರುತ್ತಿರಲಿಲ್ಲ. ಮೂವತ್ತು ಬಾಕ್ಸ್ ಟೆಂಪೋದಲ್ಲಿ ಬಂತು. 16 ರೂಪಾಯಿ ಅಂತ ಕಾರ್ಡಿನಲ್ಲಿ ತಿದ್ದಿದರು. ಮಾಸ್ಕಿಗೆ ಎರಡು ರೂಪಾಯಿ ಉಳಿಯುತ್ತಿತ್ತು. ಐದಕ್ಕೆ ಮಾರಿದಾಗ ಉಳಿಯುತ್ತಿದ್ದ 3 ರೂಪಾಯಿ 40 ಪೈಸೆಗಿಂತ ಇದು ಕಡಿಮೆ. ಅಂದರೆ ರೇಟು ಮೂರು ಪಟ್ಟು ಏರಿತು, ಲಾಭ ಇಳಿಯಿತು.

ಆದರೆ ಎದುರಿಗೆ ನಿಂತವರಿಗೆ ಕಂಡಿದ್ದು ಐದು ಹೋಗಿ ಹದಿನಾರು ಆಗಿದ್ದು. ಹಾಲಿನ ಡೈರಿಯ ಹಿರಿಯರೊಬ್ಬರು ಮಾಸ್ಕನ್ನು ಕೈಯಲ್ಲಿ ಹಿಡಿದು, “ಏನಪ್ಪಾ, ನೀನೂ ಶುರು ಮಾಡಿದ್ಯಾ?” ಅಂದರು. ಜೋರಾಗಿ ಅಲ್ಲ. ಬೇಜಾರಿನಲ್ಲಿ. ಭಾವನ ಮುಖ ನೋಡೋಕಾಗಲಿಲ್ಲ. ತೋರಿಸಲು ಬಿಲ್ ಇಲ್ಲ. ಖರೀದಿ ಬರೆದಿಟ್ಟ ನೋಟ್‌ಬುಕ್ ತೆರೆದು, ಬೆರಳಿಟ್ಟು 14 ಅನ್ನೋ ಅಂಕಿ ತೋರಿಸಿದರು. ಅವತ್ತಿನಿಂದ ಆ ನೋಟ್‌ಬುಕ್ ಕೌಂಟರ್ ಮೇಲೇ ಇತ್ತು. ಯಾರು ಬೇಕಾದರೂ ನೋಡಬಹುದಿತ್ತು. ಎರಡು ದಿನವಾದ ಮೇಲೆ ಆ ಹಿರಿಯರೇ ಇನ್ನೊಬ್ಬರಿಗೆ ಅದನ್ನು ತೋರಿಸುತ್ತಿದ್ದರು.

ಮಾಸ್ಕು, ಸ್ಯಾನಿಟೈಸರನ್ನು ಕೇಂದ್ರ ಸರ್ಕಾರ ಮಾರ್ಚ್ 13ಕ್ಕೇ 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ತಂದಿತ್ತು. ಮುರಿದರೆ ಏಳು ವರ್ಷದ ತನಕ ಜೈಲು. 21ರ ಆದೇಶದಲ್ಲಿ ಎರಡು ಪದರದ ಮಾಸ್ಕಿಗೆ 8 ರೂಪಾಯಿ, 200 ಎಂಎಲ್ ಸ್ಯಾನಿಟೈಸರಿಗೆ 100 ರೂಪಾಯಿ. ಮೂರು ಪದರದ ಮಾಸ್ಕಿನ ಸಾಲನ್ನು ನಾನು ಪೂರ್ತಿ ಓದಿದ್ದು ಆಮೇಲೆ. ಫೆಬ್ರವರಿ 12ರಂದು ಇದ್ದ ಬೆಲೆ ಅಥವಾ 10 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಫೆಬ್ರವರಿ 12ಕ್ಕೆ ಭಾವನ ರೇಟು ಐದು. ಹಾಗಾದರೆ 14 ಕೊಟ್ಟು ತಂದಿದ್ದನ್ನು ಐದಕ್ಕೆ ಮಾರಬೇಕಿತ್ತು! ಎದುರಿನ ಅಂಗಡಿಗೂ ಅದೇ ನಿಯಮ, ಆದರೆ ಅವರ ಹತ್ತಿರ ಹಳೇ ಸ್ಟಾಕ್ ಇನ್ನೂ ಇತ್ತು. ಅವರು ಐದಕ್ಕೆ ಮಾರಿದರೂ ಲಾಭವೇ.

ಆ ರಾತ್ರಿ ಊಟದ ಹೊತ್ತಿಗೆ ನಾವು ಎಲ್ಲ ದಾರಿಯನ್ನೂ ನೋಡಿದೆವು. ವಾಪಸ್ ಕೊಡೋಣ ಅಂದರೆ ಬಿಲ್ಲಿಲ್ಲದ ಮಾಲನ್ನು ಯಾರು ತಗೋತಾರೆ. ಗೊತ್ತಿದ್ದವರಿಗೆ ಮಾತ್ರ ಒಳಗಿಂದ 16ಕ್ಕೆ ಕೊಡೋಣ ಅಂತ ನಾನೇ ಹೇಳಿದೆ. ಅಕ್ಕ ತಟ್ಟೆಗೆ ಸಾರು ಹಾಕುತ್ತಾ, “ಕದ್ದು ಮಾರೋ ಹಾಗಿದ್ರೆ ಆ ನೋಟ್‌ಬುಕ್ ಯಾಕೆ ಹೊರಗಿಟ್ರಿ?” ಅಂದಳು. ಆದೇಶ ಜೂನ್ 30ರ ತನಕ ಅಂತಿತ್ತು. ಅಲ್ಲಿಯವರೆಗೆ ಅಟ್ಟದ ಮೇಲೆ ಇಡುವುದು ಇನ್ನೊಂದು ದಾರಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮಾರನೇ ದಿನ ಜನತಾ ಕರ್ಫ್ಯೂ. ಸೋಮವಾರ ಭಾವ ಎರಡು ಬಾಕ್ಸ್ ತಗೊಂಡು ಹೋಗಿ ನಮ್ಮ ವಾರ್ಡಿನ ಪೌರಕಾರ್ಮಿಕರಿಗೆ ಸುಮ್ನೆ ಕೊಟ್ಟು ಬಂದರು. ಉಳಿದ 900ನ್ನು ಹತ್ತಕ್ಕೆ ಮಾರಿದರು. ಪೇಪರಿನಲ್ಲಿ ಬಂದಿದ್ದು ಹತ್ತು ಅಂತಲೇ. ಒಟ್ಟು ಕೈಬಿಟ್ಟಿದ್ದು ಐದು ಸಾವಿರ. ಅದಾದ ಮೇಲೆ ಅವರು ಮಾಸ್ಕ್ ತರಿಸಲೇ ಇಲ್ಲ. ಲಾಕ್‌ಡೌನ್ ಬಂತು. ‘ಒಬ್ಬರಿಗೆ ಎರಡೇ’ ಕಾರ್ಡಿನ ಜಾಗದಲ್ಲಿ ‘ಮಾಸ್ಕ್ ಇಲ್ಲ’ ಕಾರ್ಡು ಬಂತು.

ಈ ಮಿತಿಯಿಂದ ಒಳ್ಳೆಯದೇನೂ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ. 25ಕ್ಕೆ ಮಾರುತ್ತಿದ್ದವರು ಇಳಿಸಿದರು. ನೂರಾರು ಮನೆಗೆ ಮಾಸ್ಕ್ ಹತ್ತು ರೂಪಾಯಿಗೆ ಸಿಕ್ಕಿತು. ಬೆಲೆ ಏರಲು ಬಿಟ್ಟಿದ್ದರೆ ಸರಕು ತಾನಾಗೇ ಬರುತ್ತಿತ್ತು ಅನ್ನುವವರಿಗೆ ನನ್ನದೊಂದು ಪ್ರಶ್ನೆ ಇದೆ. ಯಾವಾಗ? ಮೆಲ್ಟ್‌ಬ್ಲೋನ್ ಯಂತ್ರ ಹದಿನೈದು ದಿನದಲ್ಲಿ ಬಂದು ಕೂರುವುದಿಲ್ಲ. ನಾನು ಕಂಡ ಮಟ್ಟಿಗೆ, ಆ ಹದಿನೈದು ದಿನದಲ್ಲಿ ಏರಿದ ಬೆಲೆ ಹೊಸ ಮಾಸ್ಕ್ ಹುಟ್ಟಿಸಲಿಲ್ಲ, ಇದ್ದಿದ್ದನ್ನು ದುಡ್ಡಿದ್ದವರ ಕಡೆ ತಿರುಗಿಸಿತು. ಲಾಭದ ಆಸೆಗೆ ಆಮೇಲೆ ಎಷ್ಟೋ ಕಾರ್ಖಾನೆಗಳು ಈ ಕೆಲಸಕ್ಕೆ ಇಳಿದವು, ಅದು ನಿಜ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳಿಗೆ ಅನುಮತಿ ಸಿಕ್ಕ ಮೇಲೆ ಸ್ಯಾನಿಟೈಸರ್ ಬಂತು. ಎನ್95 ಮಾಸ್ಕ್ ದಿನಕ್ಕೆ 2 ಲಕ್ಷ ತಯಾರಾಗುತ್ತಿದೆ ಅಂತ ಪ್ರಧಾನಿ ಮೇ 12ರ ಭಾಷಣದಲ್ಲಿ ಹೇಳಿದರು.

ನನ್ನ ತಕರಾರು ಇಷ್ಟೇ. ಆದೇಶ ಮೆಲ್ಟ್‌ಬ್ಲೋನ್ ಬಟ್ಟೆಯ ಬೆಲೆಗೂ ಮಿತಿ ಹಾಕಿತ್ತು, ಆದರೆ ನಾನು ಕಂಡಂತೆ ಅದು ಬಿಗಿದಿದ್ದು ಸರಪಳಿಯ ಕೊನೇ ಕೊಂಡಿಯನ್ನು. ಭಾವನಿಗೆ ಹೆಸರಿನ ಬೋರ್ಡು ಇದೆ, ಲೈಸೆನ್ಸ್ ಇದೆ, ಡ್ರಗ್ ಇನ್ಸ್‌ಪೆಕ್ಟರ್ ಬಂದರೆ ಓಡಿಹೋಗುವಂತಿಲ್ಲ. ಅಂಥವರನ್ನು ಹಿಡಿಯುವುದು ಸುಲಭ. ಎರಡು ರೂಪಾಯಿ ಮಾಲನ್ನು ಹನ್ನೆರಡು ಮಾಡಿದ ಕೈ ಬಿಲ್ಲಿಲ್ಲದೆ ವ್ಯವಹಾರ ಮಾಡಿತ್ತು. ಅದಕ್ಕೆ ಮುಖವೇ ಇಲ್ಲ. ಊರವರು ಬೈದಿದ್ದೂ ಭಾವನನ್ನು, ಸರ್ಕಾರ ಕಟ್ಟಿಹಾಕಿದ್ದೂ ಭಾವನನ್ನು.

ಬೇರೆ ರೀತಿ ಮಾಡಲು ಬರುತ್ತಿತ್ತು. 2021ರ ಎರಡನೇ ಅಲೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಮ್ಲಜನಕ ತೆಗೆದು ರೋಗಿಗೆ ಕೊಡುವ ಯಂತ್ರದ ಬೆಲೆ ಹುಚ್ಚಾಪಟ್ಟೆ ಏರಿದಾಗ, ಜೂನ್ 3ರಂದು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಇಷ್ಟೇ ರೂಪಾಯಿ ಅಂತ ಹೇಳಲಿಲ್ಲ. ವಿತರಕರಿಗೆ ಬೀಳುವ ಬೆಲೆಯ ಮೇಲೆ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಸೇರಿಸಬೇಡಿ ಅಂತ ಮಾರ್ಜಿನ್ನಿಗೆ ಕಟ್ಟು ಹಾಕಿತು. ಎಪ್ಪತ್ತೂ ಜಾಸ್ತಿಯೇ. ತಯಾರಕರೇ ಬೆಲೆ ಏರಿಸಿದರೆ ಇದರಿಂದಲೂ ಪೂರ್ತಿ ಉಪಯೋಗ ಇಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಅದರಲ್ಲಿದೆ. ನಿನ್ನ ಕೈಗೆ ಎಷ್ಟಕ್ಕೆ ಬಂತು, ನೀನು ಎಷ್ಟು ಸೇರಿಸಿದೆ? ಆ ಪ್ರಶ್ನೆಯನ್ನು ಮಾಸ್ಕಿನ ವಿಷಯದಲ್ಲಿ ಮೇಲಿನಿಂದ ಕೆಳಗಿನ ತನಕ ಕೇಳಿ, ಪ್ರತಿ ಹಂತದಲ್ಲೂ ಬಿಲ್ ಕಡ್ಡಾಯ ಮಾಡಿ, ಒಬ್ಬರಿಗೆ ಇಷ್ಟೇ ಅಂತ ಎಣಿಸಿ ಕೊಡಿಸಿದ್ದರೆ ಆ ‘ಮಾಸ್ಕ್ ಇಲ್ಲ’ ಕಾರ್ಡು ಅಷ್ಟು ದಿನ ಇರುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಆ ಕಾರ್ಡು ನೋಡಿ ವಾಪಸ್ ಹೋದವರಲ್ಲಿ ಒಬ್ಬರು ಟೈಲರಿಂಗ್ ಮಾಡುವ ಅಕ್ಕ. ಅವರ ಗಂಡನಿಗೆ ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ಫ್ರಿಜ್ ಮೇಲಿನ ಬಾಕ್ಸಿನಿಂದ ಅವರಿಗೆ ಕೊಡುತ್ತಿದ್ದಿದ್ದು. ಏಪ್ರಿಲ್ ಮೊದಲ ವಾರಕ್ಕೆ ಅದೂ ಖಾಲಿಯಾಯಿತು. ಅದೇ ಹೊತ್ತಿಗೆ, ಮನೆಯಲ್ಲೇ ಬಟ್ಟೆ ಮಾಸ್ಕ್ ಹೊಲಿದು ಹಾಕಿಕೊಳ್ಳಿ ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳಿತು. ಹತ್ತು ದಿನ ಬಿಟ್ಟು ಆ ಅಕ್ಕ ಒಂದು ಕೈಚೀಲ ಹಿಡಿದು ಬಂದರು. ಒಳಗೆ ನಲವತ್ತು ಕಾಟನ್ ಮಾಸ್ಕ್. ತೊಳೆದು ಇಸ್ತ್ರಿ ಮಾಡಿದ್ದು. ಸೀರೆಯ ಫಾಲಿನ ಬಟ್ಟೆ, ಬ್ಲೌಸಿನ ಲೈನಿಂಗು, ಸಿಕ್ಕಿದ್ದರಲ್ಲೆಲ್ಲ ಹೊಲಿದಿದ್ದರು.

“ಎಷ್ಟಕ್ಕೆ ಮಾರೋಣ?” ಅಂತ ಭಾವ ಕೇಳಿದರು.

ಅವರು ಬೆರಳು ಮಡಿಸಿ ಲೆಕ್ಕ ಹೇಳಿದರು. ಬಟ್ಟೆಗೆ ಇಷ್ಟು, ದಾರಕ್ಕೆ ಇಷ್ಟು. ಕಿವಿಗೆ ಹಾಕುವ ಎಲಾಸ್ಟಿಕ್ ಎಲ್ಲೂ ಸಿಗುತ್ತಿರಲಿಲ್ಲ. ಸಿಕ್ಕ ಒಂದು ಉಂಡೆಗೆ ಮೂರು ಪಟ್ಟು ಕೊಟ್ಟಿದ್ದರು. “ಇಪ್ಪತ್ತು ಅಂದ್ರೆ ಜಾಸ್ತಿ ಆಯ್ತಾ ಅಣ್ಣ?” ಅಂತ ಕೇಳಿದರು. ಲಾಕ್‌ಡೌನ್ ಆದಾಗಿನಿಂದ ಅವರಿಗೆ ಬೇರೆ ಹೊಲಿಗೆ ಬಂದಿರಲಿಲ್ಲ.

ಭಾವ ಇಪ್ಪತ್ತಕ್ಕೇ ಇಟ್ಟರು. ತಮಗೆ ಏನೂ ಇಟ್ಟುಕೊಳ್ಳಲಿಲ್ಲ. ಯಾರೂ ಜಾಸ್ತಿ ಅನ್ನಲಿಲ್ಲ. ಹಾಲಿನ ಡೈರಿಯ ಹಿರಿಯರು ನಾಲ್ಕು ತಗೊಂಡರು.

ಅಂಗಡಿಗಳು ತೆರೆದ ಮೇಲೆ, ಜೂನ್ ಮೊದಲ ವಾರ, ಎಲಾಸ್ಟಿಕ್ ಮತ್ತೆ ಹಳೇ ರೇಟಿಗೆ ಸಿಕ್ಕಿತು. ಆ ಅಕ್ಕ ಹೊಸ ಕಟ್ಟು ಕೌಂಟರ್ ಮೇಲಿಟ್ಟು, “ಇನ್ಮೇಲೆ ಹದಿನೈದಕ್ಕೆ ಕೊಡಿ ಅಣ್ಣ” ಎಂದರು. ಭಾವ ಡಬ್ಬಿಯ ಮುಚ್ಚಳ ಹರಿದು ಹೊಸ ಕಾರ್ಡು ಬರೆದರು.